ಇಬ್ಬರಿಗೆ ಒಂದು ಸಮುದ್ರ

ನನ್ನ ಫೋನು ತೆರೆದರೆ ಈಗಲೂ ಸಮುದ್ರ ಬರುತ್ತದೆ. ಬೆಳಿಗ್ಗೆ ಅಂಗಡಿಯ ಕೀಲಿ ತೆಗೆದು, ಗಾದಿಯ ಧೂಳು ಝಾಡಿಸಿ, ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ ಕೂತೆನೋ ಇಲ್ಲವೋ, ಟಣ್ ಎನ್ನುತ್ತದೆ. ಬಿಳಿ ಮರಳು, ನೀಲಿ ನೀರು, ನೀರಿನ ಕಡೆ ಮುಖ ಮಾಡಿಟ್ಟ ಎರಡು ಕುರ್ಚಿ. ಕೆಳಗೊಂದು ಪ್ರಶ್ನೆ: ಕುಟುಂಬದೊಂದಿಗೆ ಬರುತ್ತೀರೋ, ಸಂಗಾತಿಯೊಂದಿಗೋ? ಸಿಂದಗಿ ಬಜಾರಿನಲ್ಲಿ ಸೀರೆ ಮಾರುವ, ಐವತ್ಮೂರು ವರ್ಷದ, ಹೊಟ್ಟೆ ಬಂದ ಮನುಷ್ಯನಿಗೆ ದಿನಾ ಬೆಳಿಗ್ಗೆ ಕೇಳುವ ಮಾತೇ ಇದು? ಇದನ್ನು ಬಂದ್ ಮಾಡುವುದು ಹೇಗೆಂದು ಪಕ್ಕದ ಮೊಬೈಲ್ ಅಂಗಡಿಯವನನ್ನು ಕೇಳಿದೆ. "ನೀವು ಭಾಳ ನೋಡೀರಿ ಕಾಕಾ, ಅದಕ್ಕ ಬರ್ತಾವು. ನೋಡೂದು ಬಿಡ್ರಿ, ತಾವಽ ನಿಲ್ತಾವು" ಎಂದ. ನೋಡುವುದು ಬಿಟ್ಟು ಎಂಟು ತಿಂಗಳಾಯಿತು. ಇನ್ನೂ ನಿಂತಿಲ್ಲ.

ಭಾಳ ನೋಡಿದ್ದಂತೂ ಖರೆ. ಸಮುದ್ರದಂಡೆಯ ರಿಸಾರ್ಟುಗಳನ್ನು ಎರಡೂವರೆ ವರ್ಷ ನೋಡಿದೆ. ನೀವು ಎಂದಾದರೂ ಸೀರೆ ಅಂಗಡಿಯಲ್ಲಿ ಕೂತವರಾದರೆ ನಿಮಗೆ ಈ ರೋಗದ ಪರಿಚಯ ಇದ್ದೇ ಇರುತ್ತದೆ. ಹೆಣ್ಣುಮಗಳೊಬ್ಬಳು ಬರುತ್ತಾಳೆ, ಮೊದಲು ಬಿಚ್ಚಿದ ಸೀರೆಯ ಮೇಲೆ ಕೈ ಇಡುತ್ತಾಳೆ, ಅವಳ ಮುಖ ಅರಳುತ್ತದೆ. ಅಲ್ಲಿಗೆ ವ್ಯಾಪಾರ ಮುಗಿಯಬೇಕು. ಮುಗಿಯುವುದಿಲ್ಲ. "ಇನ್ನೊಂದೀಟ್ ತೋರಸ್ರಿ" ಎನ್ನುತ್ತಾಳೆ. ನಾನು ಆ ಮೊದಲನೆಯ ಸೀರೆಯನ್ನು ಮೆಲ್ಲಗೆ ಮೊಣಕಾಲಡಿ ಸರಿಸಿಟ್ಟುಕೊಂಡು ಇನ್ನೂ ಎಪ್ಪತ್ತು ಸೀರೆ ಬಿಚ್ಚುತ್ತೇನೆ. ಕೊನೆಗೆ ಮೊಣಕಾಲಡಿಯದೇ ಹೋಗುವುದು. ಇಷ್ಟು ವರ್ಷ ಇದನ್ನೇ ನೋಡಿ ಒಳಗೊಳಗೆ ನಕ್ಕವನು ನಾನು. ನನ್ನ ಪಾಳಿ ಬಂದಾಗ ಮಾತ್ರ ಮೊಣಕಾಲಡಿ ಏನನ್ನೂ ಇಟ್ಟುಕೊಳ್ಳದೆ ಎಪ್ಪತ್ತಲ್ಲ, ಏಳುನೂರು ಬಿಚ್ಚಿದೆ. ನನ್ನ ಹೆಂಡತಿ ಕಸ್ತೂರಿ ಮೊದಲನೆಯ ದಿನ, ಮೊದಲನೆಯ ಫೋಟೋ ನೋಡಿಯೇ "ಇದಽ ಇರ್ಲಿ ತಗೋರಿ" ಎಂದಿದ್ದಳು.

ಕಸ್ತೂರಿ ನನ್ನ ಹೆಂಡತಿಯಾಗುವ ಮೊದಲು ಮಸೂತಿ ಎಂಬ ಊರಿನ ನನ್ನ ಸೋದರಮಾವನ ಮಗಳು. ಶಾಲೆಗೆ ಸೂಟಿ ಬಿಟ್ಟರೆ ಸಾಕು, ನಾವೆಲ್ಲ ಮಸೂತಿಗೆ ಓಡುತ್ತಿದ್ದೆವು. ಸಂಜೆ ಅಂಗಳದಲ್ಲಿ ಮುಟ್ಟಾಟ. ಹಗಲು ಜಿಂಕೆಯ ಹಾಗೆ ಓಡುವ ಈ ಹುಡುಗಿ ಹೊತ್ತು ಮುಳುಗಿತೆಂದರೆ ಕರು ಕಟ್ಟುವ ಗೂಟ ಎಡವಿ ಧೊಪ್ಪೆಂದು ಬೀಳುತ್ತಿದ್ದಳು. ಗೂಟ ನೂರು ವರ್ಷದಿಂದ ಅಲ್ಲೇ ಇತ್ತು, ಅವಳೂ ಹುಟ್ಟಿದಾಗಿನಿಂದ ಅಲ್ಲೇ ಇದ್ದಳು, ಆದರೂ ದಿನಾ ಬೀಳುತ್ತಿದ್ದಳು. "ಗೂಟದ ಕಸ್ತೂರಿ" ಎಂದು ಹೆಸರಿಟ್ಟದ್ದು ನಾನೇ. ಹೆಸರು ಚಲೋ ಕೂತಿತೆಂದು ಹುಡುಗರು ನನ್ನನ್ನು ಹೊತ್ತು ಕುಣಿದಿದ್ದರು. ನಮ್ಮಿಬ್ಬರಿಗೂ ಅಜ್ಜಿಯಾದವಳು ಕತ್ತಲಾಗುವ ಮೊದಲೇ ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ ಕೂತುಬಿಡುತ್ತಿದ್ದಳು, ಮಜ್ಜಿಗೆಯ ಗಡಿಗೆಯನ್ನು ಕೈಯಿಂದ ತಡವಿ ಹುಡುಕುತ್ತಿದ್ದಳು. ವಯಸ್ಸಾತು ಪಾಪ, ಎನ್ನುತ್ತಿದ್ದರು ಎಲ್ಲರೂ. ಈಗ ಲೆಕ್ಕ ಹಾಕಿದರೆ ಅಜ್ಜಿಗೆ ಆಗ ಅರವತ್ತೂ ಆಗಿರಲಿಲ್ಲ.

ಲಗ್ನವಾಗಿ ಸಿಂದಗಿಗೆ ಬಂದ ಮೇಲೆ ಕಸ್ತೂರಿಯ ಕೈಗೆ ಪಕ್ಕದಲ್ಲಿಟ್ಟ ಚರಿಗೆ ತಾಗಿ ಉರುಳುವುದು, ಭುಜ ಬಾಗಿಲಿಗೆ ಬಡಿಯುವುದು, ಓಣಿಯಲ್ಲಿ ಎದುರು ಬಂದವರನ್ನು ಮಾತಾಡಿಸದೆ ದಾಟಿ ಹೋಗುವುದು, ಅವರು "ಸೀರಿ ಅಂಗಡ್ಯಾಕಿಗೆ ಸೊಕ್ಕು ಬಂದೈತಿ" ಎನ್ನುವುದು, ಇವೆಲ್ಲ ದಿನದ ಸಂಗತಿ. ನಾನು ಏನನ್ನುತ್ತಿದ್ದೆ ಗೊತ್ತೇ? "ಕಣ್ಣು ಕಾಣಂಗಿಲ್ಲೇನು?" ನಮ್ಮ ಕಡೆ ಇದು ಬೈಗುಳವೂ ಅಲ್ಲ. ಸೈಕಲ್ಲಿನವನಿಗೆ ಅನ್ನುತ್ತೇವೆ, ಎಮ್ಮೆಗೆ ಅನ್ನುತ್ತೇವೆ. ಹಾಗೇ ಅವಳಿಗೂ ಅಂದೆ, ದಿನಕ್ಕೊಮ್ಮೆಯಾದರೂ ಅಂದೆ. ಅವಳು ಒಮ್ಮೆಯೂ ಸಿಟ್ಟಾಗಲಿಲ್ಲ. "ನಿಮ್ಮನ್ನಽ ನೋಡಾಕತ್ತಿದ್ನಿ, ಅದಕ್ಕ ಉಳ್ಳಿತು" ಎಂದು ನಗುತ್ತ ನೀರು ಒರೆಸುತ್ತಿದ್ದಳು. ಈ ಬಾಯಿಗೆ ಹುಳ ಬೀಳಬೇಕಿತ್ತು ಅಂತ ಈಗ ಅನಿಸುತ್ತದೆ.

ಮೂರು ವರ್ಷದ ಹಿಂದೆ ತೋರಿಸಲು ಹೋದಾಗ ಸೊಲ್ಲಾಪುರದ ಕಣ್ಣಿನ ಡಾಕ್ಟರು ಅವಳ ಎದುರು ಕೂತು, ಎರಡೂ ಕೈಯ ಬೆರಳು ಆಡಿಸುತ್ತ, ಬದಿಯಿಂದ ಮೆಲ್ಲಗೆ ನಡುವಿಗೆ ತಂದರು. "ಕಂಡಾಗ ಹೇಳ್ರಿ ಬಾಯಿ." ನಾನು ಹಿಂದೆ ನಿಂತಿದ್ದೆ. ಬೆರಳು ಕಿವಿಯ ಹತ್ತಿರ ಬಂದವು, ಸುಮ್ಮನಿದ್ದಳು. ಕೆನ್ನೆಯ ಹತ್ತಿರ ಬಂದವು, ಸುಮ್ಮನಿದ್ದಳು. ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮೂಗಿನ ಮುಂದೆ ಬಂದ ಮೇಲೆ "ಹಾಂ, ಈಗ ಕಂಡೂವು" ಎಂದಳು. ಡಾಕ್ಟರು ನನ್ನ ಕಡೆ ತಿರುಗಿದರು. "ನಳಗಿಯೊಳಗಿಂದ ನೋಡಿದಂಗ, ನಡುವಿಂದಷ್ಟಽ ಕಾಣ್ತೈತಿ ಇವರಿಗೆ. ಆ ನಳಗಿ ಸಣ್ಣ ಆಕ್ಕೋಂತ ಹೊಂಟೈತಿ. ಹುಟ್ಟಿನಿಂದ ಬಂದದ್ದು. ಇದಕ್ಕ ಔಷಧ ಇಲ್ರಿ. ಸಂಬಂಧದಾಗ ಲಗ್ನ ಆಗೀರಿ? ಮಗಳದೂ ಒಮ್ಮೆ ತೋರಸ್ರಿ. ಮತ್ತ, ಏನರ ನೋಡಬೇಕು ಅಂತ ಆಸೆ ಇದ್ರ ಜಲ್ದಿ ನೋಡಿಬಿಡ್ರಿ."

ಊರಿಗೆ ಮರಳುವ ಬಸ್ಸು ಇಂಡಿ ಊರಿನ ನಿಲ್ದಾಣದಲ್ಲಿ ನಿಂತಾಗ ಲಿಂಬೆಹಣ್ಣಿನ ಚೀಲ ಏರಿಸುತ್ತಿದ್ದರು. ಕಸ್ತೂರಿ ನನ್ನ ಕಡೆ ತಿರುಗಿದಳು.

"ರೀ, ಸಮುದ್ರ ನೋಡಬೇಕ್ರಿ ನಾ."

"ಆತು, ನೋಡೂಣು."

"ನಾವಿಬ್ರಽ ಹೋಗೂಣು. ಹುಟ್ಟಿದಾಗಿಂದ ಮಂದಿ ನಡುವಽ ಬಾಳೇ ಮಾಡೇನಿ. ಒಂದ್ ಸಲ ಇಬ್ರಽ. ದೊಡ್ಡದೇನರ ಒಂದು ಕಣ್ತುಂಬ ನೋಡಬೇಕ್ರಿ."

ಆಮೇಲೆ, "ಕಣ್ಣಿಂದು ಯಾರಿಗೂ ಹೇಳಬ್ಯಾಡ್ರಿ. ಶೈಲಾನ ಲಗ್ನ ಆಗೂತನ ನಿಮ್ಮ ಅಣ್ಣಾರಿಗೂ ಹೇಳಬ್ಯಾಡ್ರಿ. ಆಣಿ ಮಾಡ್ರಿ" ಎಂದಳು. ಶೈಲಾ ನಮ್ಮ ಒಬ್ಬಳೇ ಮಗಳು. ಆಗ ಮುದ್ದೇಬಿಹಾಳದಿಂದ ಒಂದು ಸಂಬಂಧ ಬಂದಿತ್ತು. ನಮ್ಮಲ್ಲಿ ಹುಡುಗಿಯ ಬಣ್ಣ ಕೇಳುವ ಮೊದಲು ಅವಳ ತಾಯಿಯ ತವರಲ್ಲಿ ಏನು ರೋಗ ಇದೆ ಎಂದು ಕೇಳುತ್ತಾರೆ. ಲಿಂಬೆಯ ವಾಸನೆಯ ನಡುವೆ, ಬಸ್ಸಿನಲ್ಲಿ ಕೂತೇ ಆಣೆ ಮಾಡಿದೆ. ಮಗಳ ಕಣ್ಣನ್ನು ತೋರಿಸುವ ಮಾತು ಇಬ್ಬರೂ ಎತ್ತಲಿಲ್ಲ. ಅವತ್ತಿನಿಂದ ಶೈಲಾ ಸಂಜೆ ಮೆಟ್ಟಿಲು ಇಳಿಯುವಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಕಾಲು ನೋಡುತ್ತ ನಿಲ್ಲುತ್ತಿದ್ದೆ.

ಹೀಗೆ ನನ್ನ ಹುಡುಕಾಟ ಶುರುವಾಯಿತು. ಎಂಥೆಂಥ ರಿಸಾರ್ಟು ಮಾರಾಯರೇ! ಕೆಲವು ಜೋಡಿಗಳಿಗೇ ಮೀಸಲು. ಹಾಸಿಗೆಯ ಮೇಲೆ ಗುಲಾಬಿ ಪಕಳೆ ಚೆಲ್ಲಿ, ಟವೆಲ್ಲುಗಳನ್ನು ಮಡಚಿ ಎರಡು ಹಂಸ ಮಾಡಿ ಕೂರಿಸಿರುತ್ತಾರೆ. ಸ್ನಾನ ಮಾಡಿದ ಮೇಲೆ ಹಂಸದ ಕುತ್ತಿಗೆ ಬಿಚ್ಚಿಯೇ ಮೈ ಒರೆಸಿಕೊಳ್ಳಬೇಕೋ ಏನೋ. ಇನ್ನು ಕೆಲವು ಕುಟುಂಬದವರಿಗೆ. ಅಲ್ಲಿ ಮಕ್ಕಳ ಜಾರುಬಂಡಿ, ಎಂಟು ಬಗೆಯ ನಾಷ್ಟಾ. ನನಗೆ ತಿಳಿಯಬೇಕಾದದ್ದನ್ನು ಯಾವ ಫೋಟೋದಲ್ಲೂ ಹಾಕಿರಲಿಲ್ಲ. ಫೋನು ಮಾಡಿ ಕೇಳುತ್ತಿದ್ದೆ. ಒಬ್ಬ ಹುಡುಗಿ ಬಲು ನಯವಾಗಿ ಮಾತಾಡಿದಳು.

"ಕಪಲ್ಲಾ ಸರ್, ಫ್ಯಾಮಿಲೀನಾ?"

"ಗಂಡಾ ಹೆಂಡ್ತಿ ಅದೇವಿ ತಂಗಿ."

"ಸೋ ನೈಸ್ ಸರ್! ಹನಿಮೂನಾ?"

"ಲಗ್ನ ಆಗಿ ಇಪ್ಪತ್ತಾರು ವರ್ಷ ಆತವಾ. ಅದಿರ್ಲಿ, ಖೋಲಿಯಿಂದ ನೀರಿನ ತನಕ ಎಷ್ಟು ಪಾವಟಿಗಿ ಅದಾವು? ಸಂಜೀಕ ಹಾದಿಗೆ ದೀಪ ಚಲೋ ಇರ್ತಾವಿಲ್ಲೋ?"

"ಮೆಟ್ಟಿಲು ತುಂಬಾ ಇವೆ ಸರ್, ವ್ಯೂ ಚೆನ್ನಾಗಿರುತ್ತೆ. ಲೈಟಿಂಗ್ ಎಲ್ಲಾ ಡಿಮ್ಮಾಗಿ, ರೊಮ್ಯಾಂಟಿಕ್ಕಾಗಿ ಇಟ್ಟಿರ್ತೀವಿ. ಕ್ಯಾಂಡಲ್ ಅಷ್ಟೇ."

ಅದನ್ನು ಕಾಟು ಹಾಕಿದೆ. ಇನ್ನೊಂದರಲ್ಲಿ ನೆಲದಿಂದ ಮಾಳಿಗೆಯವರೆಗೆ ಗಾಜಿನ ಬಾಗಿಲು, ಹಣೆ ಒಡೆದುಕೊಳ್ಳುತ್ತಾಳೆಂದು ಬಿಟ್ಟೆ. ಮತ್ತೊಂದರಲ್ಲಿ ಅಂಗಳದ ನಡುವೆಯೇ ಕಟ್ಟೆಯಿಲ್ಲದ ಈಜುಕೊಳ. ಕಾರಣಗಳೇನೋ ಖರೆಯವೇ, ಆದರೆ ನಾನು ಕೈ ಹಿಡಿದುಕೊಂಡು ನಡೆದರೆ ಎಲ್ಲವೂ ಮುಗಿಯುತ್ತಿತ್ತು. ಅದು ಹೊಳೆಯಲಿಲ್ಲ. ಹೆಂಡತಿಯ ಕೈ ಹಿಡಿದು ನಾಲ್ಕು ಮಂದಿಯ ಎದುರು ನಡೆದವನೇ ಅಲ್ಲ ನಾನು.

ಕೊನೆಗೆ ಕಸ್ತೂರಿ ಮೊದಲ ದಿನ ಮೆಚ್ಚಿದ ರಿಸಾರ್ಟೇ ಗಟ್ಟಿಯಾಯಿತು. ಇಬ್ಬರಿಗೆ ಒಂದು ಖೋಲಿ, ದೀಪಾವಳಿ ಮುಗಿದ ವಾರಕ್ಕೆ. ಆದರೆ ನಮ್ಮಲ್ಲಿ ಮನೆಗೆ ಕೀಲಿ ಹಾಕಿ ಊರು ಬಿಡುವ ಮೊದಲು ಹಿರಿಯನಿಗೆ ಹೇಳಬೇಕು. ಅಣ್ಣ ಇಂಡಿಯಲ್ಲಿ ಲಿಂಬೆಯ ವ್ಯಾಪಾರ ಮಾಡುತ್ತಾನೆ. ಹೋದೆ, ಚಹಾ ಕುಡಿದೆ. "ನಾವಿಬ್ರು ಸಮುದ್ರಕ್ಕ ಹೊಂಟೇವಣ್ಣಾ" ಎಂದೆ. ಹೇಳಿದ್ದೇ ನಾಚಿಕೆಯಾಗಿ ಮೈಯೆಲ್ಲ ಬೆವತುಹೋಯಿತು. ಐವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಸಮುದ್ರಕ್ಕೆ! ಆ ನಾಚಿಕೆ ಮುಚ್ಚಿಕೊಳ್ಳಲು ಬಾಯಿಂದ ಇನ್ನೊಂದು ಮಾತು ಜಾರಿತು: "ನೀವೂ ಬರ್ರಲ್ಲಾ."

ಇದು ಕರೆಯುವ ಮಾತಲ್ಲವೆಂದು ನಮ್ಮ ಕಡೆಯವರಿಗೆಲ್ಲ ಗೊತ್ತು. ಉಣ್ಣುತ್ತ ಕೂತಾಗ ಯಾರಾದರೂ ಬಂದರೆ "ಬರ್ರಿ, ಊಟ ಮಾಡೂಣು" ಎನ್ನುತ್ತೇವೆ. ಬಂದವರು ಬೆಳಗಿನಿಂದ ನೀರು ಮುಟ್ಟಿರದಿದ್ದರೂ "ನಿಮ್ದಾಗ್ಲಿ, ಈಗರ ಉಂಡು ಬಂದೇನಿ" ಎನ್ನಬೇಕು. ಅವರು ಅನ್ನುತ್ತಾರೆಂಬ ಧೈರ್ಯದ ಮೇಲೇ ನಾವು ಕರೆಯುವುದು. ಅಣ್ಣ ಸರಿಯಾಗಿಯೇ "ನಮ್ದೇನೋ, ನೀವು ಹೋಗಿ ಬರ್ರಿ" ಎಂದ. ಅಷ್ಟರಲ್ಲಿ ವೈನಿ, ಎಂದರೆ ಅಣ್ಣನ ಹೆಂಡತಿ, ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. "ಖರೇನಽ ಏನೋ? ಯಾವಾಗ ಹೊಂಡೂದು?" ಲಗ್ನವಾಗಿ ಬಂದ ಮೇಲೆ ಪಂಢರಪುರ ದಾಟಿ ಆಚೆ ಹೋಗದ ಹೆಂಗಸು. ನಾನು ಸಣ್ಣವನಿದ್ದಾಗ ತಾಯಿಯ ಹಾಗೆ ಉಣಿಸಿದವಳು. ಅವಳ ಮುಖ ನೋಡಿ, ಇಲ್ಲ ವೈನಿ, ಸುಮ್ಮನೆ ಅಂದೆ, ಎನ್ನಲು ನನ್ನಿಂದ ಆಗಲಿಲ್ಲ.

ಮನೆಗೆ ಬಂದು ಹೇಳಿದಾಗ ಕಸ್ತೂರಿ ಅಕ್ಕಿ ಹಸನು ಮಾಡುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು. "ಅಕ್ಕಾರರ ಪಾಪ ಎಲ್ಲಿ ಹೋಗ್ಯಾರ? ಬರ್ಲಿ ತಗೋರಿ" ಎಂದು ವೈನಿಯ ಪರವಾಗಿಯೇ ಹೇಳಿ ಮತ್ತೆ ಮೊರದ ಮೇಲೆ ಬಾಗಿದಳು. ಬಯ್ದಿದ್ದರೆ ಬದುಕುತ್ತಿದ್ದೆ.

ಆಮೇಲಿನದನ್ನು ಹೇಳಲು ಸಂಕಟವಾಗುತ್ತದೆ. ಅಣ್ಣನನ್ನು ಕರೆದ ಸುದ್ದಿ ಚಡಚಣದ ತಂಗಿಗೆ ಹೋಯಿತು. "ನಾವೇನು ಪಾಪ ಮಾಡೀವಿ?" ಎಂದಳು ಫೋನಿನಲ್ಲಿ. ಹದಿನಾಲ್ಕು ಮಂದಿಯಾದೆವು. ದೀಪಾವಳಿಗೆ ತಂಗಿಯ ದ್ರಾಕ್ಷಿ ತೋಟದಲ್ಲಿ ಬಳ್ಳಿ ಕತ್ತರಿಸಿದ ಮೇಲಿನ ಔಷಧ ಹೊಡೆಯುವ ಕೆಲಸ. ಮಾಘದಲ್ಲಿ ಅವಳ ದ್ರಾಕ್ಷಿ ಕಟಾವು. ಬೇಸಿಗೆಯಲ್ಲಿ ಅಣ್ಣನ ಲಿಂಬೆಗೆ ದರ ಬಂದಿತು, ಅವನು ಅಲುಗಾಡುವಂತಿಲ್ಲ. ಮಳೆಗಾಲದಲ್ಲಿ ಸಮುದ್ರಕ್ಕೆ ಬಿಡುವುದಿಲ್ಲ. ಮತ್ತೆ ದೀಪಾವಳಿಗೆ ಅಣ್ಣನ ಸೊಸೆಯ ಬಾಣಂತನ. ಪ್ರತಿ ಸಲವೂ ಅಣ್ಣ ನಗುತ್ತ, "ಸಮುದ್ರ ಎಲ್ಲಿ ಓಡಿ ಹೋಗ್ತೈತೋ, ಮುಂದಿನ ಸರ್ತಿ ಹೋದ್ರಾತು" ಎನ್ನುತ್ತಿದ್ದ. ಅವಳ ಕಣ್ಣಿನ ಮಾತು ಹೇಳಿಬಿಡಬೇಕು ಅನಿಸುತ್ತಿತ್ತು. ಆಣೆ ಮಾಡಿದ್ದೆನಲ್ಲ. ಮತ್ತೆ ಫೋನು ತೆಗೆಯುತ್ತಿದ್ದೆ, ಹದಿನಾಲ್ಕು ಮಂದಿಗೆ ಯಾವ ರಿಸಾರ್ಟು ಆದೀತೆಂದು. ಹುಡುಕುತ್ತಿರುವಷ್ಟು ಹೊತ್ತು ಏನೋ ಮಾಡುತ್ತಿದ್ದೇನೆ ಅನಿಸುತ್ತಿತ್ತು.

ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಕಸ್ತೂರಿ ಅಂಗಡಿಗೆ ಬರುತ್ತಿದ್ದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದು ನವಿಲಿನ ಸೆರಗನ್ನು ಮಾರು ದೂರದಲ್ಲಿ ಹಿಡಿದು "ಎಷ್ಟು ಕಾಣ್ತೈತಿ ಈಗ?" ಎಂದು ಕೇಳುತ್ತಿದ್ದೆ. ಮೊದಲು ಎರಡು ನವಿಲೂ ಬಳ್ಳಿಯೂ ಕಂಡವು. ಸಂಕ್ರಾಂತಿಯ ಸುಮಾರಿಗೆ ಒಂದೇ ನವಿಲು. ಯುಗಾದಿಗೆ, "ಕುತ್ತಿಗಿ ಕಾಣ್ತೈತ್ರಿ, ಚುಂಚಿಗೆ ಹೊಳ್ಳಿ ನೋಡಬೇಕು" ಎಂದಳು. ಆ ಸೀರೆಯನ್ನು ಮಡಚಿ ಕಪಾಟಿನ ತಳಕ್ಕೆ ಹಾಕಿದೆ. ಆಮೇಲೆ ಯಾರಿಗೂ ಬಿಚ್ಚಿ ತೋರಿಸಿಲ್ಲ.

ಇಷ್ಟೆಲ್ಲ ಬರೆಯುತ್ತಿದ್ದೇನಲ್ಲ, ಆಣೆ ಏನಾಯಿತು ಎಂದು ನೀವು ಕೇಳಬಹುದು. ಶೈಲಾಳ ಲಗ್ನ ಅದೇ ಮುದ್ದೇಬಿಹಾಳದ ಹುಡುಗನ ಜೊತೆ ಮೊನ್ನೆ ವೈಶಾಖದಲ್ಲಿ ಆಯಿತು. ಸಮುದ್ರಕ್ಕೆ ಹೋಗಿ ಬಂದ ಮೇಲಿನ ಮಾತು ಇದು. ಅಕ್ಷತೆ ಬಿದ್ದ ಮಾರನೆಯ ದಿನ ಅಳಿಯ ನನ್ನ ಪಕ್ಕ ಕೂತು ಮೆಲ್ಲಗೆ, "ಅತ್ತಿಯಾರ ಕಣ್ಣಿಂದು ಶೈಲಾ, ನಾ ನೋಡಾಕ ಬಂದ ದಿನಾನಽ, ನನಗ ಹೇಳ್ಯಾಳ್ರಿ ಮಾವಾರ. ನೀವು ಚಿಂತಿ ಬಿಡ್ರಿ" ಎಂದ. ಡಾಕ್ಟರ ಚೀಟಿಯನ್ನು ಮಗಳು ಯಾವತ್ತೋ ಓದಿದ್ದಳು. ತಾನೇ ಹೋಗಿ ತನ್ನ ಕಣ್ಣೂ ತೋರಿಸಿಕೊಂಡು ಬಂದಿದ್ದಳು. "ನಂದೇನೂ ಇಲ್ಲ ಅಪ್ಪಾ" ಎಂದಳು. ಖರೆ ಹೇಳಿದಳೋ, ನನ್ನ ಸಮಾಧಾನಕ್ಕೆ ಹೇಳಿದಳೋ, ಚೀಟಿ ತೋರಿಸು ಎನ್ನುವ ಧೈರ್ಯ ನನಗಾಗಲಿಲ್ಲ. ಗೊತ್ತಾದ ಮೇಲೆ ಅಣ್ಣ ನನ್ನ ಎರಡೂ ಭುಜ ಹಿಡಿದು ಅಲುಗಿಸಿದ. "ನನಗರ ಹೇಳಬೇಕಿತ್ತಲ್ಲೋ ಹುಚ್ಚಾ! ಅವತ್ತಽ ನಿಮ್ಮಿಬ್ರನ್ನೂ ನಾನಽ ಗಾಡಿ ಹತ್ತಿಸಿ ಕಳಿಸ್ತಿದ್ನಲ್ಲೋ!" ವೈನಿ ಎರಡು ದಿನ ಊಟ ಮಾಡಲಿಲ್ಲ. ಯಾರಿಂದ ಏನನ್ನು ಮುಚ್ಚಿಟ್ಟೆ ನಾನು, ಹೇಳಿ.

ಕಡೆಗೂ ಸಮುದ್ರಕ್ಕೆ ಹೋದದ್ದು ಹೋದ ವರ್ಷ ಮಳೆ ನಿಂತ ಮೇಲೆ. ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಕೋಳಿ ಕೂಗುವ ಹೊತ್ತಿಗೆ ಹೊರಟೆವು. ಗೋವಾ ದಂಡೆಯ ದೊಡ್ಡ ರಿಸಾರ್ಟು ತಲುಪಿದಾಗ ಹೊತ್ತು ಇಳಿದಿತ್ತು. ಬಾಗಿಲಲ್ಲೇ ಎಲ್ಲರಿಗೂ ಕಪ್ಪೆಚಿಪ್ಪಿನ ಸರ ಹಾಕಿ, ಎತ್ತರದ ಗಾಜಿನ ಗ್ಲಾಸಿನಲ್ಲಿ ಶರಬತ್ತು ಕೊಟ್ಟರು. ವೈನಿ ಒಂದು ಗುಟುಕು ಕುಡಿದು, "ಇದರ ಮಾರಿಗೆ, ಲಿಂಬಿಹಣ್ಣು ತೋರಿಸಿ ಹೊಳ್ಳಿ ಒಯ್ದಾರೇನು?" ಎಂದಳು. ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಹೊರಗೇ ಇಡಿಸಿದರು. ಕೌಂಟರಿನ ಹುಡುಗಿ ಪಟ್ಟಿ ನೋಡುತ್ತ, ಜೋಡಿಗಳಿಗೆ ಬೇರೆ ಖೋಲಿ ಬೇಕೇ ಎಂದು ಕೇಳಿದಳು. ನಾನು ಬಾಯಿ ತೆರೆಯುವುದರಲ್ಲಿ ಅಣ್ಣ, "ಜೋಡಿ ಗೀಡಿ ಯಾರೂ ಇಲ್ಲವಾ, ಎಲ್ಲಾ ಒಂದಽ ಮನಿ ಮಂದಿ. ಹೆಣ್ಣಮಕ್ಕಳು ಆ ಕಡೆ, ಗಂಡಮಕ್ಕಳು ಈ ಕಡೆ" ಎಂದು ಹಂಚಿಬಿಟ್ಟ. ಮದುವೆಮನೆಯ ವ್ಯವಸ್ಥೆ. ಕಸ್ತೂರಿ ನನ್ನ ಕಡೆ ನೋಡಿದಳು. ನಾನೂ ಗಂಡಸರ ಖೋಲಿಯ ಕೀಲಿ ತೆಗೆದುಕೊಂಡೆ.

ಚೀಲ ಇಟ್ಟವರೇ ಎಲ್ಲರೂ ನೀರಿನ ಕಡೆ ಓಡಿದರು. ಶೈಲಾ ತಾಯಿಯ ಮೊಣಕೈ ಹಿಡಿದು ಮರಳಿನ ಮೇಲೆ ನಡೆಸಿಕೊಂಡು ಬಂದಳು. ನೀರು ನಾಲ್ಕು ಮಾರು ಇರುವಾಗ ಕಸ್ತೂರಿ, "ನೀ ಹೋಗವಾ, ನಿಮ್ಮಪ್ಪ ಬರ್ತಾರ" ಎಂದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅಣ್ಣ, ವೈನಿ, ತಂಗಿ ಎಲ್ಲರೂ ಇದ್ದರು. ಇರಲಿ ಎಂದು ಅವಳ ಕೈ ಹಿಡಿದೆ. ತಣ್ಣಗಿತ್ತು.

ವೈನಿ ಮೊಣಕಾಲುದ್ದ ನೀರಿನಲ್ಲಿ ನಿಂತು ಎರಡೂ ಕೈ ಚಾಚಿ ಅಳುತ್ತ ನಗುತ್ತ ಕೂಗುತ್ತಿದ್ದಳು. "ಯವ್ವಾ ಯವ್ವಾ ಯವ್ವಾ! ಈ ಕಡೆ ದಂಡಿಲ್ಲ, ಆ ಕಡೆ ದಂಡಿಲ್ಲ! ಎಲ್ಲಿತನ ಐತಿ ಇದು!" ಕಸ್ತೂರಿ ಸಮುದ್ರಕ್ಕೆ ಮುಖ ಮಾಡಿ, ತಲೆಯನ್ನು ಎಡದಿಂದ ಬಲಕ್ಕೆ ಮೆಲ್ಲಗೆ ತಿರುಗಿಸಿದಳು. ಮತ್ತೆ ಬಲದಿಂದ ಎಡಕ್ಕೆ. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು, ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಮತ್ತೆ ತಿರುಗಿಸಿದಳು.

"ಕಸ್ತೂರೀ, ನೋಡಿದೇನಽ?" ವೈನಿ ಅಲ್ಲಿಂದಲೇ ಕೂಗಿದಳು.

"ನೋಡಿದ್ನಿರೀ ಅಕ್ಕಾರ! ಎಷ್ಟು ದೊಡ್ಡದೈತ್ರೀ!" ಕಸ್ತೂರಿ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು.

ಆಮೇಲೆ ನನ್ನ ಕೈಯನ್ನು ಒಂದಿಷ್ಟು ಎಳೆದು, ಕಿವಿಯ ಹತ್ತಿರ ಬಾಯಿ ತಂದಳು. ನಿಜವಾಗಿಯೂ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದಳು.

"ರೀ, ಇಷ್ಟಽ ಏನ್ರಿ ಸಮುದ್ರ? ನಮ್ಮಪ್ಪನ ಹೊಲದಾಗಿನ ಬಾವಿಯಷ್ಟೂ ಇಲ್ಲಲ್ರಿ ಇದು."

ನನ್ನ ಕಣ್ಣೆದುರು ಅದು ಆ ತುದಿಯಿಂದ ಈ ತುದಿಯವರೆಗೆ ಹರಡಿಕೊಂಡು ಬಿದ್ದಿತ್ತು.

"ಹೌದು ಕಸ್ತೂರಿ, ಇಷ್ಟಽ" ಎಂದೆ. "ಮಂದಿ ಸುಮ್ನಽ ದೊಡ್ಡದು ದೊಡ್ಡದು ಅಂತಾರ."